ಆಟದ ಜಗಳಗಳನ್ನು ಜೋಡಿಸಿಟ್ಟ ವರ್ಷ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ದೊಡ್ಡಪ್ಪ. ಕೊನೆಗೆ ಹೇಳಿದವರು ನನ್ನ ಪ್ರಾಜೆಕ್ಟ್ ಗೈಡ್. ನಡುವೆ ಹೇಳಿದವರು ಇನ್ನೂ ಕೆಲವರಿದ್ದಾರೆ. ಅವರನ್ನೆಲ್ಲ ಹೆಸರಿಸುತ್ತಾ ಕೂತರೆ ಈ ಬರಹ ಅವರದ್ದಾಗಿಬಿಡುತ್ತದೆ.

ದೊಡ್ಡಪ್ಪ ಹೇಳಿದ್ದು ಹೊಸಕೆರೆಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ. ನಾನು ಪಿಯುಸಿಯಲ್ಲಿ ಗಣಿತಕ್ಕೆ ಒಮ್ಮೆ ಬಿದ್ದು, ಎರಡನೇ ಸಲ ಪಾಸಾಗಿ, ಸಂಜೆ ಕಾಲೇಜಿನಲ್ಲಿ ಬಿಸಿಎ ಓದುತ್ತೇನೆ ಎಂದಿದ್ದೆ.

"ಇವಳನ್ನ ಬಿಟ್ರೆ ನಮ್ ಮನೇಲಿ ಹತ್ತನೇ ಕ್ಲಾಸ್ ದಾಟಿದೋರೇ ಇಲ್ಲ. ಇವಳೂ ಒಂದ್ಸಲ ಬಿದ್ದು ಎದ್ದಿದಾಳೆ. ಈಗ ಡಿಗ್ರಿ ಅಂತೆ ಡಿಗ್ರಿ! ಅದೂ ಕಂಪ್ಯೂಟರ್‌ದು! ನೋಡಪ್ಪಾ, ನಿನ್ ಮಗಳಿಗೆ ಚೆನ್ನಾಗ್ ಬರೋದು ಒಂದೇ, ಚೌಕಾಬಾರ. ಅದಕ್ಕೆ ಯಾವ ಯೂನಿವರ್ಸಿಟಿಲಿ ಡಿಗ್ರಿ ಕೊಡ್ತಾರೆ ಕೇಳು."

ಅಪ್ಪ ಗಾರೆ ಕೆಲಸದವರು. ಜಗಲಿ ಪಕ್ಕದ ಬಚ್ಚಲ ಕಲ್ಲಿಗೆ ಅಂಗೈ ತಿಕ್ಕಿ ಸಿಮೆಂಟು ತೊಳೆಯುತ್ತಿದ್ದವರು ತಲೆ ಎತ್ತದೆ "ಓದ್ಲಿ ಬಿಡಣ್ಣ" ಎಂದರು. ನಮ್ಮ ಮನೆಯಲ್ಲಿ ನನ್ನ ಪರವಾಗಿ ಆದ ಭಾಷಣ ಅದೊಂದೇ.

ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ. ನನಗೆ ಚೌಕಾಬಾರ ಚೆನ್ನಾಗಿ ಬರುತ್ತಿತ್ತು. ನಡುಮನೆಯ ಕೆಂಪು ನೆಲಕ್ಕೆ ಅಪ್ಪ ಗಾರೆ ಹಾಕಿದ ದಿನವೇ, ಅದು ಒಣಗುವ ಮೊದಲು, ಮೊಳೆಯಿಂದ ಗೆರೆ ಎಳೆದು ಐದಕ್ಕೆ ಐದು ಮನೆಗಳ ಚೌಕ ಕೊರೆದಿದ್ದರು. ನಮ್ಮ ಜೊತೆಯಲ್ಲೇ ಇದ್ದ ಅಪ್ಪನ ತಂಗಿ, ನನ್ನ ಅತ್ತೆ, ಬೀದಿಗೆಲ್ಲ ಹೆಸರಾದ ಆಟಗಾರ್ತಿ. ನಾಲ್ಕು ಕವಡೆ ಕುಲುಕಿ ಹಾಕಬೇಕು, ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ಎದುರಾಳಿಯ ಕಾಯಿ ಸಿಕ್ಕಿದರೆ ಹೊಡೆಯಬೇಕು, ಸುತ್ತು ಹಾಕಿ ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಆಟ ಇಷ್ಟೇ. ಆದರೆ ಈ ಆಟ ಎರಡು ಮನೆಯಲ್ಲಿ ಒಂದೇ ರೀತಿ ಇರುವುದಿಲ್ಲ. ಒಂದು ಕಡೆ ಯಾರನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ; ಪಕ್ಕದ ಬೀದಿಯಲ್ಲಿ ಹೋಗಬಹುದು. ಹಾಗಾಗಿ ಕವಡೆ ಕೈಗೆ ತೆಗೆದುಕೊಳ್ಳುವ ಮೊದಲು "ನಿಮ್ಮನೇಲಿ ಹೆಂಗೆ?" ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ. ಕೇಳದೆ ಆಡಿದವರು ನಡುವೆ ಕಿತ್ತಾಡುತ್ತಾರೆ.

ಕಾಲೇಜು ಸಂಜೆಯದು, ಜಯನಗರದಲ್ಲಿ. ಹಗಲಿಗೆ ಕೆಲಸ ಬೇಕಿತ್ತು. ಮೊದಲು ಎಸ್‌ಟಿಡಿ ಬೂತು, ಆಮೇಲೆ ಜೆರಾಕ್ಸ್ ಅಂಗಡಿ. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಜೆ.ಪಿ. ನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ಮೊಬೈಲ್ ಫೋನಿಗೆ ಆಟ ತಯಾರಿಸುವ ಸಣ್ಣ ಕಂಪನಿ ನಡೆಸುತ್ತಿದ್ದರು. ಆಗ ಫೋನಿನ ಪರದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅವರ ಫೋನಿನಲ್ಲಿದ್ದ ಆಟವನ್ನು ನಾನು ಕೌಂಟರಿನಲ್ಲೇ ಆಡಿ, "ಸಾರ್, ಇದು ಎರಡನೇ ಸಲಕ್ಕೆ ಬೋರ್ ಆಗುತ್ತೆ" ಎಂದೆ. ಯಾಕೆ ಎಂದರು. ಹೇಳಿದೆ. ಮುಂದಿನ ತಿಂಗಳು ನಾನು ಅಲ್ಲಿ ಟೆಸ್ಟರ್. ಬೆಳಗಿನಿಂದ ಸಂಜೆವರೆಗೆ ಆಡುವುದು, ತಪ್ಪು ಹುಡುಕಿ ಬರೆಯುವುದು. ಅಮ್ಮ ಕೇಳಿದವರಿಗೆಲ್ಲ "ಆಫೀಸ್ ಕೆಲ್ಸ" ಎಂದಷ್ಟೇ ಹೇಳುತ್ತಿದ್ದಳು. ಆಟ ಆಡುವ ಕೆಲಸ ಎಂದು ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಆಫೀಸಿಗೆ ಬೇಕಾದ ತಪ್ಪು ಬೇರೆ, ನನಗೆ ಕಾಣುತ್ತಿದ್ದ ತಪ್ಪು ಬೇರೆ. ಪರದೆ ಕಪ್ಪಾಯಿತು, ಗುಂಡಿ ಒತ್ತಿದರೆ ಫೋನು ನಿಂತುಹೋಯಿತು, ಇಂಥವನ್ನು ಅವರು ಬರೆದುಕೊಳ್ಳುತ್ತಿದ್ದರು. "ಮೂರನೇ ಹಂತದಲ್ಲಿ ಸೋತವರು ಮತ್ತೆ ಮೊದಲಿಂದ ಆಡಬೇಕು ಅಂದರೆ ಫೋನ್ ಜೇಬಿಗೆ ಹಾಕ್ಕೋತಾರೆ" ಎಂದು ನಾನು ಬರೆದರೆ, "ಇದು ಬಗ್ ಅಲ್ಲ, ನಿಮ್ಮ ಅಭಿಪ್ರಾಯ" ಎಂದು ವಾಪಸ್ ಬರುತ್ತಿತ್ತು. ವಾಪಸ್ ಬಂದದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅದರ ಜೊತೆಗೆ ಬಸ್ಸಿನಲ್ಲಿ ಹುಡುಗರು ಆಡುವಾಗ ಕಂಡದ್ದು, ಮನೆಯಲ್ಲಿ ಅತ್ತೆಯ ಆಟದಲ್ಲಿ ಕಂಡದ್ದು. ಒಂದು ನೋಟ್‌ಬುಕ್ಕು ಮೂರಾಯಿತು. ಯಾತಕ್ಕೆ ಬರೆಯುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಡಿಗ್ರಿ ಮಾತ್ರ ಮುಗಿಯುತ್ತಿರಲಿಲ್ಲ. ಗಣಿತ ಇಲ್ಲೂ ನನ್ನನ್ನು ಎರಡು ಸಲ ಹಿಡಿದುಹಾಕಿತು. ಕೊನೆಗೆ ಎಲ್ಲ ವಿಷಯ ಪಾಸಾಗಿ ಪ್ರಾಜೆಕ್ಟ್ ಒಂದೇ ಉಳಿದಾಗ, ಕೋರ್ಸ್ ಮುಗಿಸಲು ಯೂನಿವರ್ಸಿಟಿ ಕೊಡುವ ಗಡುವಿನಲ್ಲೂ ಒಂದೇ ವರ್ಷ ಉಳಿದಿತ್ತು. ಆ ವರ್ಷ ಪ್ರಾಜೆಕ್ಟ್ ಒಪ್ಪಿಗೆಯಾಗದಿದ್ದರೆ ಪಾಸಾದ ವಿಷಯಗಳೂ ಹೋದ ಹಾಗೆಯೇ. ಮತ್ತೆ ಮೊದಲಿಂದ. ಮೂರನೇ ಹಂತದಲ್ಲಿ ಸೋತವರ ಬಗ್ಗೆ ನಾನೇ ಬರೆದಿದ್ದೆನಲ್ಲ, ನನಗೆ ನನ್ನ ಸ್ಥಿತಿ ಸ್ಪಷ್ಟವಾಗಿಯೇ ಗೊತ್ತಿತ್ತು.

ಗೈಡ್ ಆಗಿದ್ದ ಮೇಷ್ಟ್ರು ಕೆಟ್ಟವರಲ್ಲ, ದಣಿದವರು. ಹಗಲು ಒಂದು ಕಾಲೇಜು, ಸಂಜೆ ನಮ್ಮದು.

"ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡಮ್ಮ. ಎಲ್ಲರೂ ಅದನ್ನೇ ಮಾಡೋದು. ರೆಡಿಮೇಡ್ ಸಿಗುತ್ತೆ, ಒಂದೆರಡು ಬದಲಾಯಿಸ್ಕೋ, ಬೈಂಡ್ ಮಾಡಿಸು, ಮುಗೀತು."

"ಸಾರ್, ನಾನು ಆಟ ಹೆಂಗೆ ತಯಾರಿಸೋದು ಅನ್ನೋದ್ರ ಮೇಲೆ ಮಾಡ್ತೀನಿ. ಮೂರು ನೋಟ್‌ಬುಕ್ ಇದೆ ನನ್ ಹತ್ರ."

"ಆಟ ಒಂದು ಸಬ್ಜೆಕ್ಟೇನಮ್ಮಾ?" ಎಂದು ಕನ್ನಡಕ ತೆಗೆದರು. "ಹೊರಗಿಂದ ಎಕ್ಸಾಮಿನರ್ ಬರ್ತಾರೆ. ಇದೆಲ್ಲ ಪಾಸ್ ಆಗಲ್ಲ. ನಿನಗಿರೋದು ಒಂದೇ ಚಾನ್ಸು, ಅದನ್ನ ಯಾಕೆ ಹಾಳು ಮಾಡ್ಕೋತೀಯ?"

ಅವರು ಹೇಳಿದಂತೆ ಮಾಡಬಹುದಿತ್ತು. ನನ್ನ ಜೊತೆಯವರು ಮಾಡಿದರು, ಪಾಸಾದರು, ಈಗ ಚೆನ್ನಾಗಿದ್ದಾರೆ. ನಾನು ಯಾಕೆ ಹಟ ಹಿಡಿದೆ ಎಂದು ಈಗ ಕೇಳಿಕೊಂಡರೆ ಸಿಗುವ ಉತ್ತರ ಸಣ್ಣದು: ಅಪ್ಪನಿಗೆ, ಅತ್ತೆಗೆ ಪ್ರಾಜೆಕ್ಟ್ ಪುಸ್ತಕ ತೋರಿಸಿ "ಇದು ನಾನು ಮಾಡಿದ್ದು" ಎನ್ನಬೇಕಿತ್ತು. ಅಂಗಡಿಯಿಂದ ತಂದ ರೆಡಿಮೇಡ್ ಲೈಬ್ರರಿ ಪ್ರಾಜೆಕ್ಟನ್ನು ತೋರಿಸಿ ಹಾಗೆನ್ನಲು ನನ್ನಿಂದ ಆಗುತ್ತಿರಲಿಲ್ಲ.

ಹಟವೇನೋ ಹಿಡಿದೆ, ಬರೆದದ್ದು ಮಾತ್ರ ಹಾಳು. ಮನೆಯಲ್ಲಿ ಓದಿದವರಿಲ್ಲದವರು ಓದುವುದನ್ನು ಕಲಿಯುವುದು ಎಲ್ಲಿಂದ? ಪರೀಕ್ಷೆಯ ಗೈಡು ಪುಸ್ತಕಗಳಿಂದ. ಐದು ಅಂಕಕ್ಕೆ ಇಷ್ಟು ಸಾಲು, ಹತ್ತು ಅಂಕಕ್ಕೆ ಇಷ್ಟು ಪುಟ, ಮೊದಲು ವ್ಯಾಖ್ಯೆ, ಆಮೇಲೆ ಅನುಕೂಲಗಳು, ಅನನುಕೂಲಗಳು, ಕೊನೆಗೆ ಉಪಸಂಹಾರ. ತಿಳಿವಳಿಕೆ ಎಂದರೆ ಆ ಆಕಾರದಲ್ಲೇ ಇರುತ್ತದೆಂದು ನಾನು ಮನಸಾರೆ ನಂಬಿದ್ದೆ. ಮೂರು ನೋಟ್‌ಬುಕ್ಕಿನ ಜೀವವನ್ನೆಲ್ಲ ತೆಗೆದು ಆ ಅಚ್ಚಿಗೆ ಸುರಿದೆ. ಆಟದ ವ್ಯಾಖ್ಯೆ. ಆಟದ ಅನುಕೂಲಗಳು, ಎಂಟು. ಅನನುಕೂಲಗಳು, ಆರು. ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಡಿಕ್ಷನರಿಯಿಂದ ಆರಿಸಿ ಅಲ್ಲಲ್ಲಿ ಇಟ್ಟೆ, ಪಾಯಸಕ್ಕೆ ದ್ರಾಕ್ಷಿ ಹಾಕಿದ ಹಾಗೆ. ಬರೆದು ಮುಗಿಸಿದಾಗ ಬಹಳ ಹೆಮ್ಮೆಯಾಗಿತ್ತು.

ಅದನ್ನು ಮೊದಲು ಓದಿದವರು ಆಫೀಸಿನ ನನ್ನ ಪಕ್ಕದ ಮೇಜಿನವರು. ಗದಗ ಕಡೆಯವರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಪ್ರೋಗ್ರಾಮರ್. ಆಗ ಬಸ್ ಕಂಡಕ್ಟರನ ಆಟವೊಂದನ್ನು ತಯಾರಿಸುತ್ತಿದ್ದರು. ಮುಂದಿನ ಸ್ಟಾಪ್ ಬರುವುದರೊಳಗೆ ಬಸ್ಸಿನಲ್ಲಿರುವ ಎಲ್ಲರಿಗೂ ಟಿಕೆಟ್ ಹರಿದು ಕೊಡಬೇಕು. ಅದರ ತೊಂದರೆಯೆಂದರೆ, ಒಂದು ಸ್ಟಾಪಿನಲ್ಲಿ ಹಿಂದೆ ಬಿದ್ದವರು ಮತ್ತೆ ಮೇಲೇಳಲಾಗದೆ ಆಟವನ್ನೇ ಬಿಟ್ಟುಬಿಡುತ್ತಿದ್ದರು. ಏನು ಮಾಡಬೇಕೆಂದು ಅವರಿಗೆ ಹೊಳೆಯುತ್ತಿರಲಿಲ್ಲ.

ನನ್ನ ಹಾಳೆಗಳನ್ನು ಅವರು ಟೀ ಕುಡಿಯುತ್ತಾ ತಿರುವಿದರು. ಮತ್ತೆ ಮೊದಲಿಂದ ತಿರುವಿದರು.

"ಛಲೋ ಅದ ರೀ" ಎಂದರು. ಆ 'ಛಲೋ' ಬಹಳ ಎಚ್ಚರಿಕೆಯಿಂದ ಹೊರಗೆ ಬಂದಿತ್ತು.

"ನಿಜ ಹೇಳಿ."

"ನಿಜ ಹೇಳ್ಲಾ? ಸಿಟ್ಟಾಗಬ್ಯಾಡ್ರಿ. ನನ್ನ ಆಟಕ್ಕ ರೋಗ ಬಂದೈತಿ. ಹಿಂದ ಬಿದ್ದವರು ಬಿಟ್ಟು ಓಡಿ ಹೊಂಟಾರ. ಇದರಾಗ ಅದಕ್ಕ ಔಷಧ ಯಾವ ಪುಟದಾಗ ಅದ, ತೋರಸ್ರಿ ನೋಡೋಣು."

ನಾನು ಹುಡುಕಿದೆ. ಅನುಕೂಲಗಳಲ್ಲಿ ಇರಲಿಲ್ಲ, ಅನನುಕೂಲಗಳಲ್ಲೂ ಇರಲಿಲ್ಲ. ಅದರ ಬಗ್ಗೆ ನೋಟ್‌ಬುಕ್ಕಿನಲ್ಲಿ ಎಲ್ಲೋ ಬರೆದಿದ್ದೇನೆಂದು ಗೊತ್ತಿತ್ತು, ಒಂದಲ್ಲ, ನಾಲ್ಕೈದು ಕಡೆ. ಆದರೆ ಈ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಮತ್ತ ಇದು ಯಾರಿಗೆ ಬೇಕ್ರಿ?" ಎಂದರು ಅವರು, ಮೆಲ್ಲಗೆ. ಬೈದಿದ್ದರೆ ಪರವಾಗಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ನಾನು ನಡುಮನೆಯ ಗೋಡೆಗೊರಗಿ ಮೂರೂ ನೋಟ್‌ಬುಕ್ಕು ಕಾಲ ಮೇಲೆ ಹರಡಿಕೊಂಡು ಕೂತಿದ್ದೆ. ಎದುರಿಗೆ ಅತ್ತೆ, ಅಕ್ಕಪಕ್ಕದ ಮೂವರು ಹೆಂಗಸರು, ಕವಡೆ. ಆಟ ಮುಗಿಯುವ ಹೊತ್ತಿಗೆ ಜೋರಾಗಿ ಕಿತ್ತಾಟ ಶುರುವಾಯಿತು. ಮೂಲೆಮನೆಯಾಕೆಯ ಕೊನೆಯ ಕಾಯಿ ಹಣ್ಣಾಗಲು ಮೂರು ಬೇಕಿತ್ತು, ಬಿದ್ದದ್ದು ನಾಲ್ಕು.

"ಹೆಚ್ಚಿಗೆ ಬಿದ್ರೆ ಏನಾಯ್ತು, ಹಣ್ಣು ಹಣ್ಣೇ!" ಎಂದು ಆಕೆ ಕಾಯಿ ಎತ್ತಿ ನಡುವಿಗಿಟ್ಟರು.

"ಇಡ್ಬೇಡ, ತೆಗಿ! ಸರಿಯಾಗಿ ಮೂರೇ ಬೀಳ್ಬೇಕು!" ಎಂದರು ಪಕ್ಕದ ಮನೆಯಾಕೆ.

"ಯಾವೂರ್ ರೂಲ್ಸು ಇದು? ನಮ್ ತಾಯಿ ಮನೇಲಿ ಹಿಂಗಿಲ್ಲ."

"ಹಂಗಾದ್ರೆ ನಿಮ್ ತಾಯಿ ಮನೆಗೋಗಿ ಆಡು, ಬಸ್ಸಿದೆ."

ಅತ್ತೆ ಎರಡೂ ಕೈ ಚೌಕದ ಮೇಲೆ ಅಡ್ಡ ಹಿಡಿದಳು. "ಸುಮ್ನಿರ್ರೇ. ಯಾರೂ ಕಾಯಿ ಮುಟ್ಬೇಡಿ. ಮೊದ್ಲೇ ಕೇಳ್ಕೊಂಡಿರ್ಲಿಲ್ಲ, ತಪ್ಪು ನಮ್ದೆಲ್ಲಾರ್ದೂ. ಇವತ್ತಿಗೆ ಹೆಚ್ಚಿಗೆ ಬಿದ್ರೂ ಹಣ್ಣು. ನಾಳೆಯಿಂದ ಸರಿಯಾಗೇ ಬೀಳ್ಬೇಕು. ಒಪ್ಗೆನಾ?" ಗೊಣಗಿದರೂ ಎಲ್ಲರೂ ಒಪ್ಪಿದರು. ಆಟ ಮುಂದೆ ಹೋಯಿತು.

ನಾನು ನೋಟ್‌ಬುಕ್ಕಿನತ್ತ ನೋಡಿದೆ. ಕಣ್ಣಿಗೆ ಬಿದ್ದ ಪುಟದಲ್ಲಿ ಬಸ್ಸಿನ ಹುಡುಗನೊಬ್ಬ ಸಿಟ್ಟಿನಿಂದ ಗೆಳೆಯನಿಗೆ ಫೋನ್ ವಾಪಸ್ ಕೊಟ್ಟದ್ದಿತ್ತು. ಅದರ ಕೆಳಗೆ ಆಫೀಸಿನಲ್ಲಿ ಇಬ್ಬರು ರೇಸಿನ ಆಟಕ್ಕೆ ಮಾತು ಬಿಟ್ಟದ್ದು. ಪುಟ ತಿರುಗಿಸಿದೆ, ಅಲ್ಲೂ ಜಗಳ. ನಾನು ಇಷ್ಟು ವರ್ಷ ಬರೆದುಕೊಂಡು ಬಂದದ್ದು ಜಗಳಗಳನ್ನೇ. ಯಾರು ಯಾತಕ್ಕೆ ಸಿಟ್ಟಾದರು, ಸಿಟ್ಟು ಇಳಿಸಲು ಯಾರು ಏನು ಬದಲಾಯಿಸಿದರು. ನಿಯಮ ಎಲ್ಲಿ ತೂತಾಗಿದೆಯೋ ಅಲ್ಲಿಂದಲೇ ಜಗಳ ಸೋರುತ್ತದೆ. ಆಟ ತಯಾರಿಸುವವರಿಗೆ ಬೇಕಾದದ್ದು ಆ ತೂತು ಎಲ್ಲಿದೆ ಎಂದು ತಿಳಿಯುವುದು. ಹೆಸರಿನ ಪ್ರಕಾರ, ಅನುಕೂಲ ಅನನುಕೂಲದ ಪ್ರಕಾರ ಜೋಡಿಸಲು ಹೋಗಿ ನಾನು ಅದನ್ನೇ ಹೂತುಹಾಕಿದ್ದೆ.

ಅಲ್ಲಿಯೇ ಕತ್ತರಿ ಹುಡುಕಿ ನೋಟ್‌ಬುಕ್ಕು ಕತ್ತರಿಸಲು ಶುರುಮಾಡಿದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಅಯ್ಯೋ, ಓದಿದ್ನೆಲ್ಲ ಯಾಕೇ ಕತ್ತರಿಸ್ತಿದ್ದೀಯ? ಫೇಲಾ?"

ಒಂದು ಜಗಳಕ್ಕೆ ಒಂದು ಚೀಟಿ. ಮಾರನೇ ದಿನದಿಂದ ಪ್ರತಿ ಬೆಳಿಗ್ಗೆ, ಆಫೀಸಿಗೆ ಹೊರಡುವ ಮೊದಲು, ನೆಲದ ಮೇಲಿನ ಚೌಕದ ಮನೆಗಳಲ್ಲೇ ಚೀಟಿ ವಿಂಗಡಿಸಿದೆ. ಗಾಳಿಗೆ ಹಾರದಂತೆ ಒಂದೊಂದು ಗುಂಪಿನ ಮೇಲೂ ಒಂದು ಆಲೂಗಡ್ಡೆ. ಮೊದಲು ಇಪ್ಪತ್ತೈದು ಮನೆಗೂ ಏನಾದರೊಂದು ಇಡಬೇಕೆಂಬ ಹುಚ್ಚು ಹತ್ತಿ ಒಂದು ವಾರ ಹಾಳಾಯಿತು. ಬಲವಂತ ಬಿಟ್ಟ ಮೇಲೆ ಗುಂಪುಗಳು ತಾವಾಗಿಯೇ ಕೂಡಿಕೊಂಡು ಏಳಕ್ಕೆ ನಿಂತವು. ಗುಂಪುಗಳಿಗೆ ಜಗಳವಾಡುವವರ ಬಾಯಿಂದ ಬಂದ ಮಾತನ್ನೇ ಹೆಸರಿಟ್ಟೆ. "ನನ್ ಸರದಿ ಯಾವಾಗ?" ಎಂದೊಂದು. "ಮೊದ್ಲೇ ಹೇಳ್ಬೇಕಿತ್ತು" ಎಂದೊಂದು. "ಇನ್ನು ಆಡಿ ಏನ್ ಪ್ರಯೋಜನ?" ಎಂಬುದು ಎಲ್ಲಕ್ಕಿಂತ ದಪ್ಪ ಗುಂಪು.

ಅತ್ತೆಗೆ ಓದಲು ಬಾರದು. ಚೀಟಿಗಳನ್ನು ನಾನು ಗಟ್ಟಿಯಾಗಿ ಓದಿದರೆ, ಅವಳು ಸೊಪ್ಪು ಬಿಡಿಸುತ್ತಾ ಇದು ಯಾವ ಗುಂಪಿಗೆ ಎಂದು ಹೇಳುತ್ತಿದ್ದಳು. ಒಂದು ದಿನ ನಡುವೆ ತಡೆದಳು.

"ಆಮೇಲೇನಾಯ್ತು?"

"ಯಾವ್ದರ ಆಮೇಲೆ?"

"ಸಿಟ್ಟಾದ್ರು, ರೂಲ್ಸ್ ಬದಲಾಯಿಸಿದ್ರು ಅಂತ ಬರ್ದಿದ್ದೀಯ. ಬದಲಾಯಿಸಿದ್ಮೇಲೆ ಜನ ಆಡಿದ್ರಾ, ಎದ್ದೋದ್ರಾ? ಅದನ್ನ ಬರೀಲಿಲ್ಲ ಅಂದ್ರೆ ನಿನ್ ಚೀಟಿ ಇಟ್ಕೊಂಡು ಇನ್ನೊಬ್ರು ಏನ್ ಮಾಡ್ಬೇಕು?"

ಅರ್ಧಕ್ಕರ್ಧ ಚೀಟಿಗಳಲ್ಲಿ ಅದು ಇರಲೇ ಇಲ್ಲ. ನೆನಪಿದ್ದದ್ದನ್ನು ಬರೆದೆ. ನೆನಪಿಲ್ಲದ್ದನ್ನು ಮತ್ತೆ ಆಡಿಸಿ ನೋಡಿದೆ, ಅತ್ತೆಯ ಗುಂಪಿನ ಹೆಂಗಸರ ಮೇಲೆ, ಆಫೀಸಿನವರ ಮೇಲೆ. ಒಂದು ಬೆಳಿಗ್ಗೆ ಅಪ್ಪನಿಗೆ ಬುತ್ತಿ ಕೊಡಲು ಸುಬ್ರಹ್ಮಣ್ಯಪುರದಲ್ಲಿ ಅವರು ಕಟ್ಟುತ್ತಿದ್ದ ಮನೆಗೆ ಹೋದವಳು, ಅಲ್ಲಿನ ಮರಳ ಮೇಲೆ ಚೌಕ ಬರೆದು ಅವರ ಕೆಲಸದವರನ್ನೂ ಆಡಿಸಿದೆ. ಅಪ್ಪ "ಗೋಡೆಗೆ ನೀರ್ ಹೊಡ್ದು ಕ್ಯೂರಿಂಗ್ ಮಾಡೋರ್ಯಾರು ಇಲ್ಲಿ?" ಎಂದು ರೇಗಿದರು. ಆಮೇಲೆ ತಾವೇ ಬಂದು ಒಂದು ಕೈ ಕವಡೆ ಹಾಕಿ ಹೋದರು. ಬದಲಾಯಿಸಿದ್ದರಿಂದ ಆಟ ಇನ್ನೂ ಕೆಟ್ಟುಹೋದದ್ದೂ ಉಂಟು. ಅವನ್ನೂ ಹಾಗೆಯೇ ಬರೆದೆ.

ಗದಗದವರ ಮುಂದೆ ಏಳು ಗುಂಪನ್ನೂ ಇಟ್ಟೆ. ಅವರು ಹೆಸರುಗಳನ್ನು ಓದಿ, ನಕ್ಕು, "ಇನ್ನು ಆಡಿ ಏನ್ ಪ್ರಯೋಜನ?" ಎಂಬುದನ್ನು ಎಳೆದುಕೊಂಡರು. ನಾಲ್ಕನೆಯದೋ ಐದನೆಯದೋ ಚೀಟಿಯಲ್ಲಿ ನಮ್ಮ ಮನೆಯ ಒಂದು ನಿಯಮವಿತ್ತು: ಇನ್ನೇನು ಹಣ್ಣಾಗಬೇಕು ಎನ್ನುವಾಗ ಹೊಡೆತ ತಿಂದ ಕಾಯಿಯವರಿಗೆ, ಅವರ ಮುಂದಿನ ಸರದಿಯಲ್ಲಿ ಕವಡೆ ಎರಡು ಸಲ ಹಾಕಿ ಒಳ್ಳೆಯದನ್ನು ಇಟ್ಟುಕೊಳ್ಳುವ ಅವಕಾಶ. ಆಮೇಲೆ ಏನಾಯಿತು: ಎದ್ದು ಹೋಗುತ್ತಿದ್ದವರು ಕೂತರು.

ಮೂರು ದಿನ ಅವರು ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ಫೋನ್ ನನ್ನ ಕೈಗಿಟ್ಟರು. ಒಂದು ಸ್ಟಾಪಿನಲ್ಲಿ ಹಿಂದೆ ಬಿದ್ದ ಕಂಡಕ್ಟರನಿಗೆ ಮುಂದಿನ ಸ್ಟಾಪಿನ ದಾರಿಯಲ್ಲಿ ಸಿಗ್ನಲ್ ಕೆಂಪಾಗಿ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತಿತ್ತು. ನಾನು ಬೇಕೆಂದೇ ಹಿಂದೆ ಬಿದ್ದು ಆಡಿದೆ, ಬಿಡಲು ಮನಸ್ಸಾಗಲಿಲ್ಲ.

"ಸಿಲ್ಕ್ ಬೋರ್ಡ್ ಸಿಗ್ನಲ್ ಇಟ್ಟೀನಿ ರೀ, ಅಲ್ಲಿ ಟ್ರಾಫಿಕ್ ಕರಗೂದ ಇಲ್ಲ, ಬೇಕಾದಷ್ಟು ಟೈಮ್ ಸಿಗತೈತಿ" ಎಂದರು. "ನಿಮ್ಮ ಅತ್ತಿಯವರಿಗೆ ನಮಸ್ಕಾರ ಹೇಳ್ರಿ."

ಆ ದಿನ ನನ್ನ ಎದೆಯಿಂದ ಏನೋ ಇಳಿಯಿತು. ಪಾಸೋ ಫೇಲೋ ಗೊತ್ತಿರಲಿಲ್ಲ, ಆದರೆ ನಾನು ತಿಳಿದುಕೊಂಡದ್ದು ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡಿತ್ತು.

ಬಿಸಿಎ ಪ್ರಾಜೆಕ್ಟ್ ಎಂದ ಮೇಲೆ ಕಂಪ್ಯೂಟರಿನಲ್ಲಿ ಓಡುವಂಥದ್ದು ಇರಲೇಬೇಕು. ಗದಗದವರ ಕಂಪ್ಯೂಟರಿನಲ್ಲಿ ಕೂತು, ಅವರು ತಪ್ಪು ತೋರಿಸುತ್ತಾ ನಾನು ಬರೆಯುತ್ತಾ, ಒಂದು ಸಣ್ಣ ಪ್ರೋಗ್ರಾಮ್ ಮಾಡಿದೆ. ಜಗಳ ಯಾವುದು ಎಂದು ಆರಿಸಿದರೆ ಅದರ ಚೀಟಿಗಳು ಪರದೆಗೆ ಬರುತ್ತವೆ. ಜೊತೆಗೆ ಚೀಟಿಗಳೆಲ್ಲ ಇರುವ ಪುಸ್ತಕ, ನನಗೆ ಅರ್ಥವಾಗುವ ಸಾದಾ ಇಂಗ್ಲಿಷಿನಲ್ಲಿ. ಮೇಷ್ಟ್ರು ಪುಟ ತಿರುವಿ "ಭಾಷೆ ತುಂಬಾ ಸಿಂಪಲ್ ಆಯ್ತು" ಎಂದರು. ಸಹಿ ಹಾಕಿದರು. ಹಾಕಿ, "ನನ್ನ ಮಾತು ಕೇಳ್ಲಿಲ್ಲ ನೀನು, ನಾಳೆ ನನ್ನ ಬೈಬೇಡ" ಎಂದರು.

ವೈವಾ ಪರೀಕ್ಷೆ ನಡೆದದ್ದು ಕಾಲೇಜಿನ ಲ್ಯಾಬಿನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಐವತ್ತರ ಆಸುಪಾಸಿನ ಮೇಡಂ, ಕಾಟನ್ ಸೀರೆ, ಮುಖದಲ್ಲಿ ನಗುವಿಲ್ಲ. ಬೆಳಿಗ್ಗೆಯಿಂದ ಲೈಬ್ರರಿಗಳನ್ನೇ ನೋಡಿ ಬೇಸತ್ತಿದ್ದರು. ನನ್ನ ಸರದಿ ಬಂತು. ಸಿಡಿ ಹಾಕಿದೆ, ಪ್ರೋಗ್ರಾಮ್ ತೆರೆಯಿತು, ಜಗಳ ಆರಿಸಿದೆ. ಪರದೆಯಲ್ಲಿ ಒಂದು ಬೂದುಬಣ್ಣದ ಚೌಕಟ್ಟು ಬಂದು ನಿಂತಿತು. ಫೈಲ್ ಸಿಗುತ್ತಿಲ್ಲ ಎಂದು. ಮತ್ತೆ ಒತ್ತಿದೆ, ಮತ್ತೆ ಅದೇ.

ತಪ್ಪು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪ್ರೋಗ್ರಾಮ್ ಬರೆದದ್ದು ಗದಗದವರ ಕಂಪ್ಯೂಟರಿನಲ್ಲಿ. ಚೀಟಿಗಳ ಫೈಲು ಅಲ್ಲಿ ಡಿ ಡ್ರೈವಿನಲ್ಲಿತ್ತು, ಅಲ್ಲಿಂದಲೇ ತೆಗೆದುಕೋ ಎಂದು ನಾನು ಬರೆದಿಟ್ಟಿದ್ದೆ. ಲ್ಯಾಬಿನ ಕಂಪ್ಯೂಟರುಗಳಿಗೆ ಡಿ ಡ್ರೈವೇ ಇರಲಿಲ್ಲ. ಇಡೀ ದಿನ ಬೇರೆಯವರ ತಪ್ಪು ಹುಡುಕುವ ಕೆಲಸದವಳು ನನ್ನದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಒಮ್ಮೆಯೂ ಹಾಕಿ ನೋಡಿರಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

"ಮೇಡಂ, ತಪ್ಪು ನಂದೇ. ಪಾತ್ ಫಿಕ್ಸ್ ಮಾಡಿ ಬರೆದಿದ್ದೀನಿ" ಎಂದೆ.

"ಹಾಗಾದ್ರೆ ಇದು ಓಡಲ್ಲ."

"ಇಲ್ಲಿ ಓಡಲ್ಲ ಮೇಡಂ. ಪುಸ್ತಕ ಇದೆ."

ಮೇಡಂ ಪುಸ್ತಕ ಕೈಗೆ ತೆಗೆದುಕೊಂಡರು. ವಿಷಯಸೂಚಿ ಓದುವಾಗ ಹುಬ್ಬು ಮೇಲೇರಿತು. "ಇವೇನು, ಚಾಪ್ಟರ್ ಹೆಸರುಗಳಾ? ಮನೇಲಿ ಬೈದಾಡೋ ಹಾಗಿದೆ."

"ಹೌದು ಮೇಡಂ. ಎಲ್ಲಿ ಜಗಳ ಆಗುತ್ತೋ ಅಲ್ಲಿ ಆಟ ಕೆಟ್ಟಿರುತ್ತೆ. ಅದಕ್ಕೆ ಜಗಳದಿಂದಾನೇ ಹುಡುಕೋ ಹಾಗೆ ಮಾಡಿದ್ದೀನಿ."

ಅವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ನನಗೆ ಇಬ್ಬರು ಮೊಮ್ಮಕ್ಕಳಿದಾರೆ. ಲೂಡೋ ಆಡಿದ್ರೆ ಚಿಕ್ಕವಳು ಸೋಲ್ತಿದ್ದ ಹಾಗೇ ಬೋರ್ಡ್ ಎತ್ತಿ ಬಿಸಾಕ್ತಾಳೆ. ಕಾಯಿ ಎಲ್ಲಾ ಸೋಫಾ ಕೆಳಗೆ."

ನಾನು ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದರು. "ನೀವು ಹೇಳಬೇಡಿ. ಉಪಯೋಗ ಇದ್ರೆ ನನಗೇ ಸಿಗಬೇಕು."

ಪುಟಗಳು ತಿರುಗುವ ಸದ್ದು ಬಿಟ್ಟರೆ ಲ್ಯಾಬಿನಲ್ಲಿ ಫ್ಯಾನಿನದ್ದು ಮಾತ್ರ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ. ಅವರು ಒಂದು ಪುಟದಲ್ಲಿ ತಡೆದು ಓದಿದರು, ಹಿಂದಿನ ಪುಟಕ್ಕೆ ಹೋದರು, ಮತ್ತೆ ಓದಿದರು. ಆಮೇಲೆ ಒಮ್ಮೆಲೇ ನಕ್ಕರು.

"'ಹೊಡೆತ ತಿಂದವರು ಎರಡು ಸಲ ಹಾಕಲಿ.' ಡೈಸ್‌ಗೂ ಇದು ನಡೆಯುತ್ತಲ್ವಾ?"

"ನಡೆಯುತ್ತೆ ಮೇಡಂ. ಆದ್ರೆ ದೊಡ್ಡ ಮಗು ಮೊದ್ಲೇ ಒಪ್ಕೊಂಡಿರ್ಬೇಕು."

"ಮತ್ತೆ ಇದು?" ಅವರ ಬೆರಳು ಕೆಳಗಿನ ಚೀಟಿಯ ಮೇಲಿತ್ತು. "ಹಿಂದೆ ಬಿದ್ದವರಿಗೆ ಪ್ರತಿ ಸಲ ಎರಡು ಸರದಿ ಕೊಟ್ರಿ. ಗೆಲ್ಲುತ್ತಿದ್ದವರು ಬೇಕಂತಲೇ ಹಿಂದೆ ಬೀಳೋಕೆ ಶುರು ಮಾಡಿದ್ರು, ಆಟ ಕೆಟ್ಟುಹೋಯ್ತು ಅಂತ ಬರೆದಿದ್ದೀರಿ. ಕೆಟ್ಟದ್ದನ್ನ ಯಾಕೆ ಪುಸ್ತಕದಲ್ಲಿಟ್ರಿ?"

"ಅದನ್ನ ತೆಗೆದ್ರೆ ಇನ್ನೊಬ್ರು ಮತ್ತೆ ಅದನ್ನೇ ಮಾಡಿ ಒಂದು ತಿಂಗಳು ಹಾಳ್ಮಾಡ್ಕೋತಾರೆ ಮೇಡಂ."

ಅವರು ಪೆನ್ನಿನ ಮುಚ್ಚಳ ತೆಗೆದರು. ಏನೋ ಬರೆದು ಮೇಷ್ಟ್ರ ಕಡೆ ತಳ್ಳಿದರು. ಮೇಷ್ಟ್ರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. "ಪ್ರೋಗ್ರಾಮ್‌ಗೆ ಅಂಕ ಕಳೆದಿದ್ದೀನಿ" ಎಂದರು ಮೇಡಂ ನನಗೆ. "ಕಳೆಯಲೇಬೇಕು. ಅದನ್ನ ಸರಿ ಮಾಡಿ. ಈ ಪುಸ್ತಕದ ಒಂದು ಕಾಪಿ ನನಗೆ ಬೇಕು, ಆಫೀಸಿಗಲ್ಲ, ನನಗೆ."

ಹೊರಗೆ ಬಂದು ಕಾಲೇಜಿನ ಮೆಟ್ಟಿಲ ಮೇಲೆ ಕೂತೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಬಂದದ್ದು ಆಕಳಿಕೆ. ಒಂದರ ಹಿಂದೊಂದು, ದವಡೆ ನೋಯುವಷ್ಟು. ಎಷ್ಟೋ ವರ್ಷಗಳಿಂದ ಬಿಗಿಹಿಡಿದದ್ದು ಹಾಗೆ ಹೊರಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ನನ್ನ ಪಕ್ಕದಲ್ಲೇ ಇಳಿದು ಹೋಗುವಾಗ ನಿಂತರು. "ಮುಂದಿನ ಬ್ಯಾಚ್‌ನವರಿಗೆ ತೋರಿಸೋಕೆ ನನಗೂ ಒಂದು ಕಾಪಿ ಕೊಡಮ್ಮ" ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಸ್ಕೂಟರ್ ಹತ್ತಿದರು.

ಫಲಿತಾಂಶ ಬಂದ ದಿನ ದೊಡ್ಡಪ್ಪನಿಗೆ ನಾನೇ ಹೋಗಿ ಹೇಳಿದೆ. ಅವರು "ಎಲ್ಲಾದ್ರಲ್ಲೂ?" ಎಂದರು. ಎಲ್ಲದರಲ್ಲೂ ಎಂದೆ. "ಗಣಿತದಲ್ಲೂ?" ಎಂದರು. ಅದರಲ್ಲೂ ಎಂದೆ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೇಳಿಕೊಂಡು ಬಂದರು. ಯಾವ ಮನೆಯಲ್ಲೂ ಕೂರಲಿಲ್ಲವಂತೆ.

ಸರ್ಟಿಫಿಕೇಟು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಕಾಲೇಜಿನ ಆಫೀಸಿನಲ್ಲೇ ಕೊಡುತ್ತಾರೆಂದು ತಿಳಿದಾಗ ಅತ್ತೆ ತಾನೂ ಬರುತ್ತೇನೆಂದು ಹೊರಟಳು. ಜರಿಯಂಚಿನ ಸೀರೆ ಉಟ್ಟು, ಬಸ್ಸಿನಲ್ಲಿ ಉದ್ದಕ್ಕೂ ಸೀಟಿನ ತುದಿಯಲ್ಲಿ ಕೂತಿದ್ದಳು. ಸರದಿಯಲ್ಲಿ ನಮ್ಮ ಮುಂದೆ ಹತ್ತು ಹನ್ನೆರಡು ಜನ. ಗುಮಾಸ್ತರು ರಿಜಿಸ್ಟರಿನಲ್ಲಿ ನನ್ನ ನಂಬರು ಹುಡುಕಿ, ಸಹಿ ಮಾಡಿಸಿಕೊಂಡು, ದಪ್ಪ ಹಾಳೆಯನ್ನು ಕೌಂಟರಿನ ಸಂದಿಯಿಂದ ಹೊರಗೆ ಚಾಚಿದರು. ನಾನು ಕೈ ನೀಡುವ ಮೊದಲೇ ಅತ್ತೆ ಸೆರಗಿಗೆ ಎರಡೂ ಅಂಗೈ ಒರೆಸಿಕೊಂಡು ತೆಗೆದುಕೊಂಡಳು. ಮುದ್ರೆಯನ್ನು ನೋಡಿದಳು, ಹಿಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ನಿನ್ ಹೆಸರೆಲ್ಲೇ?"

ಬೆರಳಿಟ್ಟು ತೋರಿಸಿದೆ. ಅದನ್ನು ಮುಟ್ಟದೆ, ಸ್ವಲ್ಪ ಮೇಲಿನಿಂದ ಬೆರಳಾಡಿಸಿದಳು. ಆಮೇಲೆ ಕೌಂಟರಿನ ಒಳಗೆ ಬಗ್ಗಿ ಗುಮಾಸ್ತರನ್ನು ಕೇಳಿದಳು.

"ಸಾರ್, ಇದನ್ನ ಯಾರೂ ವಾಪಸ್ ಕೇಳಂಗಿಲ್ಲ ತಾನೆ?"

"ಯಾರೂ ಕೇಳಲ್ಲಮ್ಮ. ಅದು ಅವರದ್ದೇ."

"ಸದ್ಯ" ಎಂದು ಅತ್ತೆ ಹಾಳೆಯನ್ನು ನನ್ನ ಕೈಗಿಟ್ಟಳು. "ನಡಿ, ಏನಾದ್ರೂ ತಿನ್ನೋಣ. ಬೆಳಿಗ್ಗೆಯಿಂದ ನಂಗೆ ಗಂಟಲಲ್ಲಿ ನೀರೂ ಇಳ್ದಿಲ್ಲ."